ಹತ್ತು ದಿನದ ಹಾಜರಿ

ಕಪಾಟಿನ ಕೆಳಗಿನ ಖಾನೆಯಲ್ಲಿ ಸೀರೆಗಳ ಅಡಿಗೆ ಕೈ ತೂರಿಸಿ ಊರ್ಮಿಳಾ ತಡಕುತ್ತಿದ್ದಳು. ಆಚೆ ಬಚ್ಚಲ ಮೋರಿಯಲ್ಲಿ ಹೆಂಗಸರು ದಾನಮ್ಮನ ಹೆಣಕ್ಕೆ ನೀರು ಹೊಯ್ಯುತ್ತಿದ್ದರು. ತಂಬಿಗೆ ಬಕೀಟಿಗೆ ತಾಗುವ ಸದ್ದು ನಿಂತರೆ ಯಾರಾದರೂ ಒಳಗೆ ಬಂದಾರು ಎಂದು ಅವಳ ಕಿವಿ ಆ ಕಡೆಗೇ ಇತ್ತು.

"ಹೊಸಾ ಸೀರಿ ಒಂದ ತಗೀರಿ, ಉಡಸ್ಬೇಕು" ಎಂದು ಪಕ್ಕದ ಖೋಲಿಯ ಮಾನಮ್ಮ ಕೂಗಿದ್ದೇ ತಡ, "ನಾನು ತರ್ತೇನೆ, ನೀವು ಇರಿ" ಎಂದು ಊರ್ಮಿಳಾ ಒಳಗೆ ನುಗ್ಗಿದ್ದಳು. ಹೆಡ್‌ಮಿಸ್ಟ್ರೆಸ್ ಆದರೂ ಎಷ್ಟು ಕಳಕಳಿ ನೋಡು ಎಂದು ಚಾಳಿನ ಹೆಂಗಸರು ಮೆಚ್ಚಿಕೊಂಡಿರಬೇಕು. ಸೀರೆ ಮೇಲುಗಡೆಯೇ ಸಿಕ್ಕಿತ್ತು. ಹಸಿರು ಇಳಕಲ್, ಮಡಿಕೆ ಬಿಚ್ಚದ್ದು. ಅವಳಿಗೆ ಬೇಕಾಗಿದ್ದು ಸೀರೆಯಲ್ಲ.

ಬೇಕಾಗಿದ್ದು ಒಂದು ನೀಲಿ ರೆಕ್ಸಿನ್ ಚೀಲ. ಹನ್ನೆರಡು ವರ್ಷದ ಹಿಂದೆ ಕಲ್ಯಾಣದಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ ಹಂಚಿದ್ದು. ಮೊನ್ನೆಯವರೆಗೂ ದಾನಮ್ಮ ಅದನ್ನು ಹೆಗಲಿಗೆ ಹಾಕಿಕೊಂಡೇ ಡೊಂಬಿವಲಿಯ ಕನ್ನಡ ಶಾಲೆಗೆ ಪಾಠ ಮಾಡಲು ಬರುತ್ತಿದ್ದಳು. ನಿನ್ನೆ ಬೆಳಿಗ್ಗೆ ಸ್ಟೇಷನ್ ಸೇತುವೆಯ ಮೆಟ್ಟಿಲಲ್ಲಿ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ಆಸ್ಪತ್ರೆಯಿಂದ ಹೆಣದ ಜೊತೆ ಬಂದ ಚೀಲವನ್ನು ಯಾರೋ ಈ ಕಪಾಟಿಗೆ ತುರುಕಿದ್ದನ್ನು ಊರ್ಮಿಳಾ ನೋಡಿದ್ದಳು. ಆ ಚೀಲದ ಹೊರಜೇಬಿನಲ್ಲಿ ತರಬೇತಿಯ ಗುರುತಿನ ಕಾರ್ಡು ಇತ್ತು. ಕಾರ್ಡಿನ ಮೇಲೆ ಫೋಟೊ ದಾನಮ್ಮನದು, ಹೆಸರು ಊರ್ಮಿಳಾಳದು.

ಸೋಮವಾರ ಸಂಘದ ಸಭೆ. ಶಾಲೆ ನಡೆಸುವ ಸಂಘದವರು ಥಾಣೆ, ಬದಲಾಪುರ, ನವಿ ಮುಂಬಯಿಯ ತಮ್ಮ ಶಾಲೆಗಳಿಗೆಲ್ಲ ಸೇರಿಸಿ ಶಿಕ್ಷಕರ ತರಬೇತಿ ಕೇಂದ್ರ ತೆರೆಯುವವರಿದ್ದರು. ಮಾರ್ಚಿಗೆ ನಿವೃತ್ತಳಾಗುವ ಊರ್ಮಿಳಾಳೇ ಅದರ ಮುಖ್ಯಸ್ಥೆ ಎಂದು ಕಾರ್ಯದರ್ಶಿ ಮಧ್ವೇಶ ರಾಯರು ಹೆಚ್ಚುಕಡಿಮೆ ಗೊತ್ತುಮಾಡಿದ್ದರು. ಆ ಹತ್ತು ದಿನದ ತರಬೇತಿಯ ಪ್ರಮಾಣಪತ್ರ ಇಡೀ ಸಂಘದಲ್ಲಿ ಅವಳೊಬ್ಬಳ ಹತ್ತಿರ ಇತ್ತು. ಅದನ್ನು ತೋರಿಸಿಯೇ ಅವಳು ಹೆಡ್‌ಮಿಸ್ಟ್ರೆಸ್ ಆಗಿದ್ದಳು, ಅದಕ್ಕೆ ಗಾಜು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದ್ದಳು. ಕೇಂದ್ರ ತಪ್ಪಿಹೋದರೆ ಗಂಡನ ಹೋಟೆಲಿನ ಗಲ್ಲೆಯಲ್ಲಿ ಕೂತು ಇಡ್ಲಿಯ ಟೋಕನ್ ಹರಿಯುವುದೇ ಗತಿ. ಮೂವತ್ತು ವರ್ಷ 'ಟೀಚರ್' ಅನ್ನಿಸಿಕೊಂಡವಳಿಗೆ ಅದನ್ನು ನೆನೆದರೇ ಮೈಯುರಿಯುತ್ತಿತ್ತು.

ಚೀಲ ಕಂಬಳಿಯ ಹಿಂದೆ ಸಿಕ್ಕಿತು. ಹೊರಜೇಬಿನ ಜಿಪ್ಪು ಅರ್ಧಕ್ಕೆ ನಿಂತು ಸತಾಯಿಸಿತು. ಜಗ್ಗಿ, ಕಾರ್ಡನ್ನು ಅದರ ಕೆಂಪು ದಾರದ ಸಮೇತ ಎಳೆದು ತನ್ನ ಪರ್ಸಿಗೆ ತುರುಕಿದಳು. ಸತ್ತ ಮೇಲೂ ಕಾಟ ಕೊಡುವುದು ಬಿಡುವುದಿಲ್ಲವಲ್ಲ ಈ ಹೆಂಗಸು ಎಂದು ಬೈದುಕೊಂಡಳು.

"ಸಾಡೀ ಮಿಲೀ ಕ್ಯಾ?"

ಬಾಗಿಲಲ್ಲಿ ದಾನಮ್ಮನ ಮಗಳು ಮಾಲಾ ನಿಂತಿದ್ದಳು. ಬೇಲಾಪುರದ ಯಾವುದೋ ಆಫೀಸಿನಲ್ಲಿ ಕೆಲಸ. ಕನ್ನಡ ಎಲ್ಲ ತಿಳಿದರೂ ಉತ್ತರ ಮಾತ್ರ ಹಿಂದಿಯಲ್ಲೇ ಕೊಡುವವಳು. ಅವಳ ಕಣ್ಣು ಊರ್ಮಿಳಾಳ ಕೈಯಿಂದ ನೆಲದ ಮೇಲಿದ್ದ ಚೀಲಕ್ಕೆ, ಅದರ ತೆರೆದ ಜಿಪ್ಪಿಗೆ ಹೋಗಿ ಬಂತು.

"ಸಿಕ್ಕಿತು ಮಗಾ, ಇದು ಆಗ್ತದಲ್ವಾ?"

ಮಾಲಾ ಸೀರೆಯನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಹೊರಟುಹೋದಳು.

*

ಆ ವರ್ಷ ತರಬೇತಿಯ ಪಟ್ಟಿಯಲ್ಲಿ ಊರ್ಮಿಳಾಳ ಹೆಸರು ಬಂದ ವಾರವೇ ವಾಗ್ಳೆ ಎಸ್ಟೇಟಿನಲ್ಲಿ ಗಂಡನ ಹೊಸ ಹೋಟೆಲಿನ ಪ್ರಾರಂಭವಿತ್ತು. ಊರಿಂದ ನೆಂಟರು ಬಂದು ಇಳಿದಿದ್ದರು. ಶಾಲೆಗೊಬ್ಬರಿಗೆ ಮಾತ್ರ ತರಬೇತಿ, ಅದೂ ಪರ್ಮನೆಂಟ್ ಆದವರಿಗೆ. ದಾನಮ್ಮ ಟೆಂಪರರಿ. ವಿಜಯಪುರದ ಕಡೆಯವಳು, ಗಂಡ ಕಲ್ಯಾಣದ ಗೋದಾಮಿನಲ್ಲಿ ಹಮಾಲಿ ಮಾಡುತ್ತಲೇ ತೀರಿಹೋಗಿದ್ದ.

"ನೀವು ಹೋಗಿ ಕೂತು ಬನ್ನಿ ದಾನಮ್ಮ" ಎಂದಿದ್ದಳು ಊರ್ಮಿಳಾ. "ಅಲ್ಲಿ ಎಂತ ಇರುದಿಲ್ಲ. ಚಾ ಕುಡಿಯುದು, ತೂಕಡಿಸುದು. ಹಾಜರಿ ಕರೆದಾಗ ನನ್ನ ಹೆಸರಿಗೆ ಹಾಜರ್ ಹೇಳಿದ್ರೆ ಆಯ್ತು."

"ಸುಳ್ಳ ಆಗ್ತದಲ್ರಿ ಟೀಚರ್."

"ಎಂತ ಸುಳ್ಳು ಮಾರಾಯ್ತಿ, ಎಲ್ಲ ಶಾಲೆಯವರೂ ಮಾಡುದೇ. ಪರ್ಮನೆಂಟ್ ಪಟ್ಟಿ ಮಾಡುವಾಗ ನಿಮ್ಮ ಹೆಸರು ನಾನೇ ಹೇಳ್ತೇನೆ."

ದಾನಮ್ಮ, "ಅಲ್ಲಿ ಏನ್ ಕಲಸ್ತಾರಂತ್ರಿ?" ಎಂದು ಕೇಳಿದಳು. ಊರ್ಮಿಳಾಗೆ ನಗು ಬಂತು. ತರಬೇತಿಗೆ ಹೋಗುವವರು ಊಟ ಏನಿದೆ, ಎಷ್ಟು ಗಂಟೆಗೆ ಬಿಡುತ್ತಾರೆ ಎಂದು ಕೇಳುವುದುಂಟು. ಈ ಪ್ರಶ್ನೆ ಆವರೆಗೆ ಅವಳ ಕಿವಿಗೆ ಬಿದ್ದೇ ಇರಲಿಲ್ಲ.

ಹತ್ತು ದಿನ ಮುಗಿಸಿ ಬಂದ ಮೇಲೆ ದಾನಮ್ಮನ ಕ್ಲಾಸಿನಿಂದ ಫುಟ್‌ಪಟ್ಟಿಯ ಏಟಿನ ಸದ್ದು ನಿಂತುಹೋಯಿತು. ಐದನೆಯ ಇಯತ್ತೆಯಲ್ಲಿ ಆಗ ಎರಡು ವರ್ಗ. ಹೋಟೆಲಿನವರ, ಗುಮಾಸ್ತರ ಮಕ್ಕಳ 'ಅ' ವರ್ಗ ಊರ್ಮಿಳಾಳದು. ಕಟ್ಟಡ ಕೆಲಸದವರ, ಹಮಾಲರ ಮಕ್ಕಳ 'ಬ' ವರ್ಗ ದಾನಮ್ಮನದು. ನಡುವೆ ಪ್ಲೈವುಡ್ಡಿನ ಗೋಡೆ. ಒಂದು ದಿನ ಆಚೆಯಿಂದ ಕೇಳಿಸಿತು. ಮಾನಮ್ಮನ ಮಗ ಅನಿಲಕುಮಾರ ನಲವತ್ತೆರಡರಲ್ಲಿ ಹದಿನೇಳು ಕಳೆದು ಮೂವತ್ತೈದು ಎಂದು ಬರೆದಿದ್ದ.

"ಹೆಂಗ ಮಾಡ್ದಿ? ನನಗ ತಿಳೀಲಿಲ್ಲ, ತಿಳಿಸಿ ಹೇಳಪಾ."

"ಏಳರಾಗ ಎರಡ ಹೋದ್ರ ಐದ್ರಿ. ನಾಕರಾಗ ಒಂದ ಹೋದ್ರ ಮೂರು."

"ಎರಡ ಮ್ಯಾಲದ, ಏಳ ಕೆಳಗದ. ತಿರಗಾಮುರಗಾ ಯಾಕ ಕಳದಿ?"

"ದೊಡ್ಡದರಾಗ ಸಣ್ಣದ ಕಳೀಬೇಕಂತ ನೀವ ಹೇಳೀರಿ."

ಆಚೆ ಸೀಮೆಸುಣ್ಣ ಕೆಳಗಿಟ್ಟ ಸದ್ದಾಯಿತು. ಆಮೇಲೆ ದಾನಮ್ಮನ ದನಿ ಬಂತು. "ಹೌದಪಾ, ಹಂಗ ಹೇಳೀನಿ. ನಂದ ತಪ್ಪು."

ಊರ್ಮಿಳಾ ಅದನ್ನು ಸ್ಟಾಫ್‌ರೂಮಿನಲ್ಲಿ ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸಿದಳು. ದಾನಮ್ಮ ನಗುತ್ತಲೂ ಇರಲಿಲ್ಲ, ಮುನಿಯುತ್ತಲೂ ಇರಲಿಲ್ಲ. ಮಕ್ಕಳ ತಪ್ಪು ಲೆಕ್ಕಗಳನ್ನು ಹೆಸರು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಮಗು ಹೇಳಿದ ಕಾರಣ, ಕೆಳಗೆ ನಾಳೆ ಏನು ಮಾಡಬೇಕು ಎಂಬುದು.

ಆ ವರ್ಷದ ಸ್ಕಾಲರ್‌ಶಿಪ್ ಪರೀಕ್ಷೆಯಲ್ಲಿ 'ಅ' ವರ್ಗದಿಂದ ನಾಲ್ವರು ಪಾಸಾದರೆ 'ಬ' ವರ್ಗದಿಂದ ಹದಿನೇಳು ಮಂದಿ. ಏನೋ ಗಿಲೀಟಿದೆ ಎಂದು ಊರ್ಮಿಳಾ ಮರುವರ್ಷ ಹಟ ಹಿಡಿದು ವರ್ಗಗಳನ್ನು ಅದಲುಬದಲು ಮಾಡಿಸಿದಳು. ಈ ಸಲ 'ಅ' ವರ್ಗ ಮೇಲೆ ಬಂತು. ದಾನಮ್ಮ ಪ್ಲೈವುಡ್ಡಿನ ಯಾವ ಕಡೆ ನಿಂತರೆ ಆ ಕಡೆಯ ಮಕ್ಕಳಿಗೆ ಲೆಕ್ಕ ಬರುತ್ತಿತ್ತು, ಊರ್ಮಿಳಾ ನಿಂತ ಕಡೆ ಇಲ್ಲ. ಇಷ್ಟು ಸ್ಪಷ್ಟವಾಗಿ ಯಾರೂ ಅವಳ ಮುಖಕ್ಕೆ ಹೊಡೆದಿರಲಿಲ್ಲ. ಅವಳು ದಾನಮ್ಮನನ್ನು ದ್ವೇಷಿಸತೊಡಗಿದ್ದು ಆವತ್ತಿನಿಂದ.

ಹೆಡ್‌ಮಿಸ್ಟ್ರೆಸ್ ಆದ ವರ್ಷವೇ ಐದನೆಯದನ್ನು ಕಿತ್ತುಕೊಂಡು ಅವಳಿಗೆ ಒಂದನೆಯದನ್ನು ಕೊಟ್ಟಳು. ಪರ್ಮನೆಂಟ್ ಪಟ್ಟಿ ಸಂಘಕ್ಕೆ ಹೋಗುವಾಗಲೆಲ್ಲ ದಾನಮ್ಮನ ಹೆಸರಿನ ಮುಂದೆ, ಟೆಂಪರರಿಯವರಿಗೆ ತರಬೇತಿ ಕೊಡುವುದೇ ಇಲ್ಲವೆಂದು ಗೊತ್ತಿದ್ದೂ, 'ತರಬೇತಿ ಆಗಿಲ್ಲ' ಎಂದು ತನ್ನ ಕೈಯಾರೆ ಬರೆದು ಸಹಿ ಹಾಕಿದಳು. ದಾನಮ್ಮ ಒಂದೇ ಒಂದು ಸಲ ಆಫೀಸಿಗೆ ಬಂದು ಕೇಳಿದ್ದಳು.

"ತರಬೇತಿ ಆಗೇತಲ್ರಿ ಟೀಚರ್."

"ಯಾರ ಹೆಸರಲ್ಲಿ?"

ಗೋಡೆಯ ಮೇಲಿನ ಗಾಜನ್ನು ಒಮ್ಮೆ ನೋಡಿ ದಾನಮ್ಮ ಹೊರಟುಹೋಗಿದ್ದಳು.

*

ಸ್ನಾನವಾದ ಮೇಲೆ ಅವರ ಪದ್ಧತಿಯಂತೆ ದಾನಮ್ಮನನ್ನು ಮುಂದಿನ ಖೋಲಿಯ ಗೋಡೆಗೆ ಆನಿಸಿ ಚಕ್ಕಳಮಕ್ಕಳ ಕೂಡಿಸಿದರು. ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ. ತಲೆ ವಾಲದಂತೆ ಬಟ್ಟೆ ಕಟ್ಟಿದ್ದರು. ನೇರವಾಗಿ ಕೂತಿದ್ದ ಆ ಮುಖವನ್ನು ತಪ್ಪಿಸಿ ನಿಲ್ಲಲು ಊರ್ಮಿಳಾ ಎರಡು ಸಲ ಜಾಗ ಬದಲಿಸಿದಳು. ಪರ್ಸು ಮಾತ್ರ ಕಂಕುಳಲ್ಲಿ ಭದ್ರವಾಗಿತ್ತು.

ಬಂದವರಲ್ಲಿ ಹೆಚ್ಚಿನವರು ಹಳೆಯ ಮಕ್ಕಳ ತಂದೆತಾಯಂದಿರು. ಮಾನಮ್ಮ ಯಾರನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದಳು. "ನನ್ನ ಮಗಗ ಲೆಕ್ಕ ಹತ್ತಿಸಿದಾಕಿ ಈಕಿ. ಈಗ ಐದನೇತ್ತಾಗ ಹತ್ತೊಂಬತ್ತ ಹುಡುಗೂರದಾವ, ಒಂದಕ್ಕೂ ಕಳಿಯೂ ಲೆಕ್ಕ ಬರೂದಿಲ್ಲ. ಇಂಥಾಕಿನ್ನ ಒಂದನೇತ್ತಾಗ ಕುಂದ್ರಿಸಿದ್ರು. ಯಾರ ಪುಣ್ಯಾನೋ."

"ಹೆಣದ ಎದುರು ಇದೆಲ್ಲ ಎಂತಕ್ಕೆ ಈಗ" ಎಂದಳು ಊರ್ಮಿಳಾ.

"ಹೆಣದ ಮುಂದರ ಖರೇ ಆಡಬೇಕಲ್ರಿ ಟೀಚರಬಾಯಿ."

ಸಂಘದ ಪರವಾಗಿ ಬಂದಿದ್ದ ಮಧ್ವೇಶ ರಾಯರು ಊರ್ಮಿಳಾಳ ಹತ್ತಿರ ಸರಿದು ಪಿಸುಗುಟ್ಟಿದರು. "ಬಿಡಿ ಮಾರಾಯ್ರೆ. ಸೋಮವಾರದ್ದು ನಾನು ನೋಡಿಕೊಳ್ತೇನೆ. ನಿಮ್ಮ ಸರ್ಟಿಫಿಕೇಟಿನ ಒಂದು ಝೆರಾಕ್ಸ್ ಕಳಿಸಿ, ಸಾಕು."

ಊರ್ಮಿಳಾಳ ಜೀವ ತಂಪಾಯಿತು. ಅಷ್ಟರಲ್ಲಿ ಕೈಯಲ್ಲಿ ಚೆಂಡುಹೂವಿನ ಹಾರ ಹಿಡಿದ ಒಬ್ಬ ಮುದುಕರು ಏದುಸಿರು ಬಿಡುತ್ತ ಹೊಸ್ತಿಲು ದಾಟಿದರು.

"ನಾ ಅಂಬಾದಾಸ. ಬದಲಾಪುರದಿಂದ ಬಂದೀನ್ರಿ, ಗಾಡಿ ಲೇಟ್ ಆತು" ಎಂದು ಹೆಣಕ್ಕೆ ಹಾರ ಹಾಕಿ ಕೈಮುಗಿದರು. "ಕಲ್ಯಾಣದಾಗ ಮಾಸ್ತರ ಮಂದಿಗೆ ತರಬೇತಿ ಕೊಡ್ತಿದ್ದೆ. ಮುಂಜಾನಿ ನಮ್ಮ ಹಳೇ ಬ್ಯಾಚಿನ ಗ್ರೂಪಿನ್ಯಾಗ ಯಾರೋ ಬರೇ ಫೋಟೊ ಹಾಕಿ, ಕನ್ನಡ ಸಾಲೀ ಬಾಯಿ ಹೋದ್ರು ಅಂತ ಬರದಿದ್ರು. ನೋಡಿ ಎದಿ ಒಡೀತು. ಆದ್ರ ಹೊರಗ ಚಾಳಿನ ಬೋರ್ಡಿನ ಮ್ಯಾಲ ಹೆಸರ ತಪ್ಪ ಹಾಕೀರಲ್ರಿ. ದಾನಮ್ಮ ಅಂತ ಯಾರ ಬರಸಿದ್ರು?"

"ತಪ್ಪಲ್ರಿ ಅಜ್ಜಾ. ಆಕಿ ದಾನಮ್ಮನ" ಎಂದಳು ಮಾನಮ್ಮ.

"ಹ್ಯಾಂಗ ದಾನಮ್ಮ? ಊರ್ಮಿಳಾ ಬಾಯಿ ಈಕಿ. ಹತ್ತ ದಿವ್ಸ ನಾನ ಹಾಜರಿ ಕರದೀನಿ. ಇಪ್ಪತ್ತ ವರ್ಷದಾಗ ನನ್ನ ಮುಂದ ಎಷ್ಟ ಮಂದಿ ಕುಂತ ಎದ್ದ ಹೋದ್ರು, ಸರ್ಟಿಫಿಕೇಟ್ ಯಾವಾಗ ಕೊಡ್ತೀರಿ ಅಂತ ಕೇಳಾವ್ರ ಎಲ್ಲಾರೂ. ಈಕಿ ಒಬ್ಬಾಕಿ ಸಂಜೀಕ ಉಳದು, ನನ್ನ ಹುಡುಗೂರು ಇಂಥಾ ತಪ್ಪ ಯಾಕ ಮಾಡ್ತಾವ, ಹೇಳ್ರಿ ಸರ್ ಅಂತ ಕೇಳ್ತಿದ್ಲು. ಈ ಮಾರಿ ನಾ ಮರೀತೀನೇನ್ರಿ?"

ಮಧ್ವೇಶ ರಾಯರು ಸಮಾಧಾನದಿಂದ ಹೇಳಿದರು. "ನಿಮಗೆ ಎಲ್ಲೋ ತಪ್ಪಾಗಿದೆ. ಇವರು ದಾನಮ್ಮ. ಊರ್ಮಿಳಾ ಟೀಚರ್ ಇಲ್ಲೇ ನಿಂತಿದ್ದಾರಲ್ಲ."

ಅಂಬಾದಾಸರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಊರ್ಮಿಳಾಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಈ ಬಾಯಿನ್ನ ನಾ ಎಂದೂ ನೋಡೇ ಇಲ್ರಿ."

ಮೂಲೆಯಲ್ಲಿ ಕೂತು ಹಾಡುತ್ತಿದ್ದ ಭಜನೆಯವರು ತಾಳ ನಿಲ್ಲಿಸಿದರು. ಊರ್ಮಿಳಾ ನಗಲು ನೋಡಿದಳು. "ಎಷ್ಟು ಮಂದಿಯನ್ನು ನೋಡಿರ್ತೀರಿ ಸರ್ ನೀವು. ಪ್ರಾಯ ಆಯ್ತು, ನೆನಪು ಹೋಗಿರ್ತದೆ."

"ನೆನಪು ಹೋಗಿಲ್ಲ" ಎಂದಳು ಮಾಲಾ. ಆವತ್ತು ಬೆಳಗಿನಿಂದ ಅವಳ ಬಾಯಿಂದ ಬಂದ ಮೊದಲ ಕನ್ನಡ ಮಾತು ಅದು. ಎದ್ದು ಬಂದು ಊರ್ಮಿಳಾಳ ಎದುರು ನಿಂತಳು. "ಪರ್ಸ್ ತೆಗೀರಿ ಮ್ಯಾಡಂ."

"ಎಂತ ಮಾತು ಇದು?"

"ಚೀಲದಾಗಿಂದ ಏನ್ ತಗೊಂಡ್ರಿ, ಅದನ್ನ ಕೊಡ್ರಿ. ಅದು ನಮ್ಮ ಅವ್ವಂದು."

ಊರ್ಮಿಳಾ ಮಧ್ವೇಶ ರಾಯರ ಕಡೆ ನೋಡಿದಳು. ಅವರು ಅವಳ ಪರ್ಸನ್ನು ನೋಡುತ್ತಿದ್ದರು. ಜಿಪ್ಪಿನ ಸಂದಿಯಿಂದ ಕೆಂಪು ದಾರದ ತುದಿ ಹೊರಗೆ ಇಣುಕಿತ್ತು. ಮಾಲಾ ಮತ್ತೆ ಕೇಳಲಿಲ್ಲ, ಕಾಯಲೂ ಇಲ್ಲ. ದಾರ ಹಿಡಿದು ಎಳೆದಳು. ಬಾಚಣಿಗೆ, ಕರ್ಚೀಫು, ಲೋಕಲ್ಲಿನ ಪಾಸು ನೆಲಕ್ಕೆ ಬಿದ್ದವು. ಕಾರ್ಡು ಅವಳ ಕೈಗೆ ಬಂತು.

ಅವಳು ಅದನ್ನು ಯಾರಿಗೂ ಓದಿ ಹೇಳಲಿಲ್ಲ. ತಾಯಿಯ ತಲೆಗೆ ಕಟ್ಟಿದ ಬಟ್ಟೆ ಜಾರದಂತೆ ನಿಧಾನವಾಗಿ ದಾರವನ್ನು ಕೊರಳಿಗೆ ಹಾಕಿದಳು. ದಾರ ಉದ್ದವಿತ್ತು. ಕಾರ್ಡು ಹಾರದ ಮೇಲಿಂದ ಇಳಿದು, ಮಡಿಚಿ ಕೂಡಿಸಿದ ಪಾದಗಳ ಮೇಲೆ ಬಂದು ನಿಂತಿತು.

ಮಧ್ವೇಶ ರಾಯರು ಬಗ್ಗಿ ಓದಿದರು. ಫೋಟೊ ನೋಡಿದರು, ಹೆಸರು ನೋಡಿದರು, ಮತ್ತೆ ಫೋಟೊ ನೋಡಿದರು. ಊರ್ಮಿಳಾಳ ಕಡೆಗೆ ತಿರುಗದೆ ಚಪ್ಪಲಿ ಹುಡುಕಿಕೊಂಡು ಹೊರಗೆ ಹೋಗಿ ನಿಂತರು.

"ಗಾಡಿ ಬಂದೈತಿ. ರುದ್ರಭೂಮಿ ದೂರ ಅದ, ಲಗೂ ಲಗೂ ನಮಸ್ಕಾರ ಮುಗಸ್ರಿ" ಎಂದರು ಪೂಜೆಗೆ ಬಂದಿದ್ದ ಅಯ್ಯನವರು. ಜನ ಸಾಲು ನಿಂತರು. ಒಬ್ಬೊಬ್ಬರೇ ಬಂದು ಪಾದಕ್ಕೆ ಬಿಲ್ವಪತ್ರಿ ಏರಿಸಿ ಕೈಮುಗಿದು ಸರಿಯುತ್ತಿದ್ದರು. ಬಗ್ಗಿದವರೆಲ್ಲ ಕಾರ್ಡು ಓದಿ, ಏಳುವಾಗ ಊರ್ಮಿಳಾಳನ್ನು ನೋಡುತ್ತಿದ್ದರು. ಅಂಬಾದಾಸರು ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬಾಗಿಲ ತುಂಬ ಜನ. ದಾಟಿ ಹೋಗಲು ಊರ್ಮಿಳಾಗೆ ದಾರಿ ಇರಲಿಲ್ಲ.

ಮಾಲಾ ಪತ್ರಿಯ ತಟ್ಟೆಯನ್ನು ಅವಳ ಮುಂದೆ ಹಿಡಿದಳು.

"ತಗೋರಿ ಮ್ಯಾಡಂ. ನೀವೂ ಏರಿಸ್ರಿ."

ಊರ್ಮಿಳಾ ಎರಡು ಎಸಳು ತೆಗೆದುಕೊಂಡಳು. ಮುಖ ನೋಡದೆ ಬಗ್ಗಿದಳು. ಪಾದ ಮುಟ್ಟಬೇಕೆಂದರೆ ಕಾರ್ಡು ಸರಿಸಬೇಕಿತ್ತು, ಸರಿಸಲು ಅವಳಿಗೆ ಕೈ ಬರಲಿಲ್ಲ. ಪತ್ರಿ ಅವಳ ಬೆರಳಿನಿಂದ ಜಾರಿ ಅವಳ ಹೆಸರಿನ ಮೇಲೆ ಬಿತ್ತು.