ಬೀಜದ ಹೊಗೆ

ಸರಸ ಮೈಚಾಚಿ ಮಲಗದೆ ಮೂರು ವರ್ಷವಾಗಿತ್ತು. ಮಲಗಿದರೆ ಎದೆಯ ಮೇಲೆ ಯಾರೋ ಅಕ್ಕಿಮುಡಿ ತಂದಿಟ್ಟಂತೆ ಆಗುತ್ತದೆ ಎನ್ನುತ್ತಿದ್ದಳು. ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲಿನ ಮೇಲೆ ಕೈಯೂರಿ, ಕೂತೇ ಬೆಳಗು ಮಾಡುವುದು ರೂಢಿಯಾಗಿತ್ತು. ಬೆಳಗಾದರೆ ಎದ್ದು ಅದೇ ಅಡುಗೆಮನೆಗೆ ಹೋಗಿ ಊದುಗೊಳವೆ ಹಿಡಿಯುವುದು. ಶಂಕರನಾರಾಯಣದಿಂದ ಮೂರು ಮೈಲು ಒಳಗಿದ್ದ ಆ ಮನೆಗೆ ಹಂಚು ಹೊದೆಸಿದ್ದರೂ ಅಡುಗೆಮನೆಗೆ ಇದ್ದದ್ದು ಅಂಗೈ ಅಗಲದ ಒಂದು ಕಿಂಡಿ. ಒಲೆಯ ಹೊಗೆ ಮೊದಲು ಅಟ್ಟಕ್ಕೆ ಏರುತ್ತಿತ್ತು. ಅಲ್ಲಿ ತುಂಬಿದ ಮೇಲೆ ನಿಧಾನವಾಗಿ ಇಳಿದು ಬಂದು ಅಡುಗೆಯವಳ ತಲೆಯ ಮಟ್ಟಕ್ಕೆ ನಿಲ್ಲುತ್ತಿತ್ತು.

ಅವಳ ಅಣ್ಣ ಚಂದಯ್ಯ ಶೆಟ್ಟಿ ಆ ಮನೆಯ ಯಜಮಾನಿಕೆ ನೋಡಿಕೊಳ್ಳುವವನು. ಅವನ ಹೆಂಡತಿ ಮಕ್ಕಳು, ಅವರ ಅಳಿಯಕಟ್ಟಿನ ಪದ್ಧತಿಯಂತೆ, ಹೆಂಡತಿಯ ತಾಯಿಮನೆ ಉಪ್ಪುಂದದಲ್ಲಿದ್ದರು. ಇಲ್ಲಿ ಅವನು, ಅವನ ತಾಯಿ ಅಕ್ಕಣಿ ಶೆಡ್ತಿ, ಗಂಡ ಸತ್ತ ತಂಗಿ ಸರಸ, ಅವಳ ಹದಿಮೂರು ವರ್ಷದ ಮಗಳು ಪ್ರಫುಲ್ಲಾ. ಒಂದು ಕಣ್ಣಿಗೆ ಹೂ ಬಂದು ಅಕ್ಕಣಿ ಶೆಡ್ತಿ ಒಲೆಯ ಬುಡ ಬಿಟ್ಟು ಹತ್ತು ವರ್ಷವಾಗಿತ್ತು. ಅಂದಿನಿಂದ ಗಂಜಿ ಬೇಯಿಸುವುದು, ಭತ್ತ ಬೇಯಿಸುವುದು, ಆಳುಗಳಿಗೆ ಅನ್ನ ಮಾಡುವುದು ಎಲ್ಲವೂ ಸರಸಳ ಪಾಲು.

ಕುಂದಾಪುರದ ಡಾಕ್ಟರರು ಅವಳ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, “ಇವರನ್ನು ಹೊಗೆಯಿಂದ ದೂರ ಇಡಿ. ಇನ್ನು ತಡೆಯುವ ಎದೆ ಅಲ್ಲ ಇದು” ಅಂದಿದ್ದರು. ಬಸ್ಸಿನಲ್ಲಿ ವಾಪಸು ಬರುವಾಗ ಚಂದಯ್ಯ ಅದೇ ಮಾತನ್ನು ಮತ್ತೆ ಮತ್ತೆ ಮೆಲುಕು ಹಾಕಿದ. ಹೊಗೆಯಿಂದ ದೂರ ಎಂದರೆ ಒಲೆಯಿಂದ ದೂರ. ಹಾಗಾದರೆ ಒಲೆಯ ಬುಡಕ್ಕೆ ಯಾರು? ಪಕ್ಕದಲ್ಲಿ ಕೂತಿದ್ದ ಸರಸ ಆಗಲೇ ಹೇಳಿದ್ದಳು, “ಪ್ರಫುಲ್ಲನ್ನ ಅಲ್ಲಿ ಕೂರ್ಸುದ್ ಬ್ಯಾಡ ಅಣ್ಣಯ್ಯ. ಈಗ್ಳೇ ಹೇಳ್ತೆ.”

ಆ ವರ್ಷ ಮಳೆ ಬಿಟ್ಟ ಮೇಲೆ ಗ್ರಾಮಸೇವಕ ಭೋಜರಾಜ ಸೈಕಲ್ಲಿನಲ್ಲಿ ಬಂದ. ಬ್ರಹ್ಮಾವರದ ಕಡೆಯವನು, ಹೊಸಬ. ಚೀಲದಿಂದ ಒಂದು ಚಿತ್ರ ತೆಗೆದು ಚಾವಡಿಯಲ್ಲಿ ಹರಡಿದ.

“ಇದ್ ಹೊಗಿ ಇಲ್ಲದ ಒಲಿ ಶೆಟ್ರೆ. ನಾಕೂ ಬದಿ ಮುಚ್ಚಿ ಮಣ್ಣಂಗೆ ಕಟ್ಟುದ್. ಮುಂದೆ ಕಟ್ಟಿಗಿ ಹಾಕುಕೆ ಒಂದ್ ಬಾಯಿ, ಹಿಂದೆ ಕೊಳವಿ. ಹೊಗಿ ಹಂಚಿನ್ ಮಾಡ್ ದಾಟಿ ಹೊರ್ಗ್ ಹೋತ್ತ್.”

ಕಟ್ಟೆಯ ಕೆಳಗೆ ನಿಂತಿದ್ದ ಒಕ್ಕಲು ಕುಷ್ಟ ಬಾಯಿಯ ಎಲೆಯಡಿಕೆ ಉಗಿದು ಬಂದು ಚಿತ್ರಕ್ಕೆ ಬಗ್ಗಿದ. “ಹ್ವಾಯ್ ಒಡೇರೆ, ಹಂಚಿನ್ ಕಾರ್ಖಾನಿ ಶುರು ಮಾಡ್ತ್ರ್ಯಾ ಹ್ಯಾಂಗೆ? ನಂಗೂ ಒಂದ್ ಕೆಲ್ಸ ಕೊಡಿ ಕಾಣಿ.”

“ನೀ ಸುಮ್ನಿರ್ ಮಾರಾಯ” ಎಂದ ಚಂದಯ್ಯ. ಆಮೇಲೆ ಭೋಜರಾಜನಿಗೆ, “ಕೊಳವಿ ಎಂತದ್ದ್?”

ಎರಡು ತರ ಇತ್ತು. ಕುಂಬಾರ ಮಾಡಿಕೊಡುವ ಮಣ್ಣಿನ ಕೊಳವೆ ಅಗ್ಗ, ಆದರೆ ವರ್ಷದೊಳಗೆ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಹೊಗೆ ಸೋರುತ್ತದೆ. ಇನ್ನೊಂದು ಬೀಡು ಕಬ್ಬಿಣದ್ದು, ಕುಂದಾಪುರದ ಅಂಗಡಿಯಿಂದ ತರಿಸಬೇಕು, ಒಂದು ತಲೆಮಾರು ಬರುತ್ತದೆ. ಬೆಲೆ ಕೇಳಿ ಕುಷ್ಟ ಬಾಯಿಯ ಮೇಲೆ ಕೈಯಿಟ್ಟುಕೊಂಡ. ಆ ದುಡ್ಡಿಗೆ ಒಂದು ಹಾಲು ಕೊಡುವ ದನ ಬರುತ್ತಿತ್ತು.

ಒಳಗಿನಿಂದ ಅಕ್ಕಣಿ ಶೆಡ್ತಿಯ ದನಿ ಬಂತು. “ಅರ್ವತ್ ವರ್ಷ ನಾ ಆ ಹೊಗಿ ಕುಡ್ದಿದೆ. ನಂಗೆಂತ ಆಯ್ತ್?”

“ಕಣ್ಣ್ ಹೋಯ್ಲಿಲ್ಯಾ ಅಬ್ಬೆ?” ಎಂದಳು ಸರಸ, ಬಾಗಿಲ ದಾರಂದ ಹಿಡಿದು.

“ಅದ್ ಪ್ರಾಯಕ್ಕೆ ಹೋದ್ದ್. ಹೊಗಿಗಲ್ಲ.”

ಸರಸಳಿಗೆ ನಗು ಬಂತು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಭೋಜರಾಜ ಚಿತ್ರ ಮಡಚುವುದನ್ನು ಬಿಟ್ಟು ನೆಲ ನೋಡುತ್ತಾ ಕೂತ.

ಚಂದಯ್ಯ ಯಾವುದನ್ನೂ ಕಣ್ಣಾರೆ ನೋಡದೆ ತೀರ್ಮಾನಿಸುವ ಜಾತಿಯಲ್ಲ. ಸಾಸ್ತಾನದಲ್ಲಿ ಒಂದು ಮನೆಯಲ್ಲಿ ಅಂಥ ಒಲೆ ಹಾಕಿ ಎರಡು ವರ್ಷವಾಗಿದೆ ಎಂದು ಭೋಜರಾಜ ಹೇಳಿದ್ದ. ಒಂದು ದಿನ ಬೆಳಗ್ಗೆಯೇ ಹೊರಟು, ಬಸ್ಸು ಹಿಡಿದು, ಆ ಮನೆ ಹುಡುಕಿಕೊಂಡು ಹೋದ. ಮನೆಯ ಹೆಂಗಸು ಚಂದ್ರಮತಿ ಬೆಲ್ಲ ನೀರು ಕೊಟ್ಟು, ಸಂಕೋಚವಿಲ್ಲದೆ ನೇರ ಅಡುಗೆಮನೆಗೇ ಕರೆದೊಯ್ದಳು.

ಅಲ್ಲಿ ಗೋಡೆ ಬೆಳ್ಳಗಿತ್ತು. ಚಂದಯ್ಯ ತನ್ನ ಐವತ್ತು ವರ್ಷದಲ್ಲಿ ಬಿಳಿ ಗೋಡೆಯ ಅಡುಗೆಮನೆ ನೋಡಿರಲಿಲ್ಲ.

“ಮುಟ್ಟಿ ಕಾಣಿ ಬೇಕಾರೆ” ಎಂದಳು ಅವಳು.

ಅವನು ಬೆರಳಿನಿಂದ ಉಜ್ಜಿ ನೋಡಿದ. ಬೆರಳಿಗೆ ಬರೀ ಸುಣ್ಣ ಅಂಟಿತು. ಒಲೆ ಉರಿಯುತ್ತಿತ್ತು, ಅವನ ಕಣ್ಣಿನಲ್ಲಿ ನೀರಿರಲಿಲ್ಲ. ಹೊರಡುವ ಮೊದಲು ಮೇಲೆ ನೋಡಿದ. ಅಟ್ಟ ಖಾಲಿ ಇತ್ತು.

“ಬೀಜದ್ ಮುಡಿ ಎಲ್ಲಿಡ್ತ್ರಿ ನೀವ್?”

“ಬೀಜವಾ? ನಮ್ಗೆ ಬೇಸಾಯ ಎಲ್ಲಿತ್ತ್ ಮಾರಾಯ್ರೆ! ನಮ್ಮವ್ರ್ ಬೊಂಬಾಯಂಗೆ ಹೋಟ್ಲ್ ಇಟ್ಕಂಡ್ ಕೂತಿದ್ರ್. ಅಕ್ಕಿ ಅಂಗ್ಡಿಯಿಂದ ಬತ್ತ್.”

ಚಂದಯ್ಯ ತಲೆಯಾಡಿಸಿದ. ಅವನ ಮನೆಯ ಅಟ್ಟದಲ್ಲಿ ಒಲೆಯ ನೇರಕ್ಕೆ ಮಳೆಗಾಲದ ಕಾರ್ತಿ ಬೆಳೆಯ ಬೀಜವಿರುತ್ತಿತ್ತು. ಕೊಯ್ಲಿನಲ್ಲಿ ತೆನೆ ಆರಿಸಿ, ಭತ್ತವನ್ನು ಬಿಸಿಲಿಗೂ ಇಬ್ಬನಿಗೂ ಹಾಕಿ, ಬೈಹುಲ್ಲಿನಲ್ಲಿ ಸುತ್ತಿ, ಹಗ್ಗದಿಂದ ಬಿಗಿದು, ಬಡಿದು ಉರುಟು ಮಾಡಿ ಕಟ್ಟಿದ ಏಳು ಮುಡಿ. ಮುಂದಿನ ಮಳೆಗಾಲದವರೆಗೆ ಅವು ಹೊಗೆ ಕುಡಿಯುತ್ತಾ ಕಪ್ಪಾಗಬೇಕು. ಕಪ್ಪಾದಷ್ಟೂ ಹುಳು ದೂರ. ಆ ಸಂಗತಿ ಅವನಿಗೆ ಸಾಸ್ತಾನದಲ್ಲೇ ಹೊಳೆದಿತ್ತು. ಬಸ್ಸಿನಲ್ಲಿ ಬರುವಾಗಲೂ ಅದೇ ಯೋಚನೆ ಇತ್ತು. ಮನೆಗೆ ಬಂದವನು ಬಿಳಿ ಗೋಡೆಯ ಸುದ್ದಿ ಮಾತ್ರ ಹೇಳಿದ.

ದೀಪಾವಳಿ ಕಳೆದು ಕಬ್ಬಿಣದ ಕೊಳವೆ ಎತ್ತಿನ ಗಾಡಿಯಲ್ಲಿ ಬಂತು. ಭೋಜರಾಜನೇ ನಿಂತು ಒಲೆ ಕಟ್ಟಿಸಿದ. ಎರಡು ಹಂಚು ತೆಗೆದು ಕೊಳವೆಯನ್ನು ಮೇಲೆ ದಾಟಿಸಿದ ದಿನ ಕುಷ್ಟನ ಮನೆಯವರೆಲ್ಲ ಅಂಗಳಕ್ಕೆ ಬಂದು, ಹಂಚಿನ ಮಾಡಿನ ಮೇಲೆ ನೆಟ್ಟಗೆ ಏಳುವ ಹೊಗೆಯನ್ನು ಕತ್ತೆತ್ತಿ ನೋಡಿದರು.

ವಾರ ಕಳೆದಿರಬೇಕು. ಒಂದು ಬೆಳಗ್ಗೆ ಚಂದಯ್ಯ ಎದ್ದು ಬರುವಾಗ ಸರಸ ಚಾಪೆಯ ಮೇಲೆ ಉದ್ದಕ್ಕೆ ಮಲಗಿದ್ದಳು. ಮೂರು ವರ್ಷದಲ್ಲಿ ಅವಳನ್ನು ಹಾಗೆ ಕಂಡವನೇ ಅಲ್ಲ. ಹತ್ತಿರ ಹೋಗಿ ಬಗ್ಗಿ ಮೂಗಿನ ಹತ್ತಿರ ಕಿವಿ ಇಟ್ಟ. ಉಸಿರು ಬರುತ್ತಿತ್ತು, ಮಕ್ಕಳ ಉಸಿರಿನ ಹಾಗೆ. ಅವಳು ಕಣ್ಣು ಬಿಟ್ಟು, “ಎಂತ ಅಣ್ಣಯ್ಯ?” ಎಂದಳು. “ಎಂತ ಇಲ್ಲೆ, ಮನಿಕೋ” ಎಂದು ಹಟ್ಟಿಯ ಕಡೆ ನಡೆದ. ದನಗಳಿಗೆ ಹುಲ್ಲು ಹಾಕುವಾಗ, ಕೊಳವೆಗೆ ಕೊಟ್ಟ ದುಡ್ಡಿನ ವಿಷಯ ಅವನ ಮನಸ್ಸಿನಿಂದ ಅಳಿಸಿಹೋಯಿತು.

ಐದು ತಿಂಗಳು ಹಾಗೆ ನಡೆಯಿತು. ಬೇಸಿಗೆ ಬಲಿತಾಗ, ಒಂದು ಮಧ್ಯಾಹ್ನ, ಪ್ರಫುಲ್ಲಾ ಊಟದ ಎಲೆಯ ಮೇಲೆ ಬಿದ್ದ ಸಣ್ಣ ಬೂದು ಪತಂಗವನ್ನು ಬೆರಳಿನಿಂದ ತೆಗೆದು ಬಿಸಾಡಿದಳು. ಇನ್ನೊಂದು ಬಿತ್ತು. “ಮಾವ, ಅಟ್ಟದಿಂದ ಬೀಳ್ತಿತ್ತ್” ಎಂದಳು. ಚಂದಯ್ಯ ಊಟ ಅರ್ಧಕ್ಕೆ ಬಿಟ್ಟು ಏಣಿ ಹತ್ತಿದ. ಮುಡಿಯೊಂದನ್ನು ಕೆಳಗಿಳಿಸಿ ಬಿಚ್ಚಿದ. ಹುಲ್ಲು ಇನ್ನೂ ಹೊಂಬಣ್ಣವೇ ಇತ್ತು, ಹೊಗೆಯ ಕಪ್ಪು ಒಂದಿಷ್ಟೂ ಇರಲಿಲ್ಲ. ಅಕ್ಕಣಿ ಶೆಡ್ತಿ ಒಂದು ಹಿಡಿ ಭತ್ತ ಎತ್ತಿ, ಕಾಳೊಂದನ್ನು ಉಗುರಿನಿಂದ ಒತ್ತಿದಳು. ಅದು ಹಿಟ್ಟಾಗಿ ಉದುರಿತು.

“ಕಂಡ್ಯಾ” ಎಂದಳು.

ಉಳಿದ ಆರು ಮುಡಿಗಳಿಗೆ ಇನ್ನೂ ಹೆಚ್ಚು ಹುಳು ಹತ್ತಿರಲಿಲ್ಲ. ಮಳೆಗೆ ತಿಂಗಳು ಬಾಕಿ. ಹೊಗೆ ಹಾಕಿದರೆ ಉಳಿಯುತ್ತಿತ್ತು. ಸರಸಳೇ ಒಂದು ದಾರಿ ಹೇಳಿದಳು.

“ಬಚ್ಚಲ ಹಂಡಿ ಒಲಿಗೆ ದಿನಾ ತರಗೆಲಿ ಹಾಕ್ತೆ. ಅಲ್ಲೆಷ್ಟ್ ಹೊಗಿ ಬತ್ತ್! ಮುಡಿನ ಆ ಮಾಡಂಗೆ ಕಟ್ರೆ ಆತಿಲ್ಯಾ?”

ಅಕ್ಕಣಿ ಶೆಡ್ತಿ ಕಿವಿಯ ಮೇಲೆ ಕೈಯಿಟ್ಟುಕೊಂಡಳು. “ಎಂತ ಮಾತಾಡ್ತೆ ಹೆಣ್ಣೇ! ಮುಟ್ಟಾದವ್ರ್ ಮೀಯು ನೀರ್ ಕಾಯು ಒಲಿ ಅದ್. ಹೆಣ ಸುಟ್ ಬಂದವ್ರಿಗೆ ನೀರ್ ಕಾಯು ಒಲಿ. ಅದ್ರ ಹೊಗಿ ಬೀಜಕ್ಕಾ? ಆ ಬೀಜ ಬಿತ್ತಿ ಗದ್ದಿಗೆ ಇಳಿತ್ರ್ಯಾ ನೀವ್?”

ಸರಸ ಅಣ್ಣನ ಮುಖ ನೋಡಿದಳು. ಯಜಮಾನಿಕೆ ಅವನದ್ದು. ಆಗಲಿ ಎಂದು ಅವನು ಒಂದು ಮಾತು ಹೇಳಿದ್ದರೆ ತಾಯಿ ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಿದ್ದಳು. ಆದರೆ ಬಚ್ಚಲ ಒಲೆಯ ಮೇಲೆ ಬೀಜ ಕಟ್ಟಿದ ಮನೆಯನ್ನು ಅವನೂ ಕಂಡಿರಲಿಲ್ಲ. ಬೀಜದ ಮುಡಿ ಇಳಿಸುವ ದಿನ ಅದಕ್ಕೆ ದೀಪ ಹಚ್ಚಿ ಕೈಮುಗಿದು ಬೆಳೆದವನು.

“ಒಂದ್ ತಿಂಗ್ಳ್” ಎಂದ ನೆಲ ನೋಡುತ್ತಾ. “ಕೊಳವಿ ಮುಚ್ಚುವ. ಬಿತ್ತನಿ ಆದ್ ಕೂಡ್ಲೆ ತೆಗೂದ್. ಅಲ್ಲೀವರ್ಗೆ ನೀ ಒಳ್ಗ್ ಹೋಪ್ದ್ ಬ್ಯಾಡ, ಪ್ರಫುಲ್ಲಾ ಮಾಡ್ಲಿ.”

“ಅದ್ರ ಎದಿಯೂ ಹಾಳಾಯ್ಕಾ?” ಎಂದಳು ಸರಸ. ಸಿಟ್ಟಿರಲಿಲ್ಲ. “ತಿಂಗ್ಳ್ ಅಲ್ದಾ? ಮೂರ್ ವರ್ಷ ಕಳೀಲಿಲ್ಯಾ. ನಾನೇ ಹೋತೆ.”

ಕುಷ್ಟ ಮಾಡು ಹತ್ತಿದ. ಚಂದಯ್ಯ ಕೆಳಗಿನಿಂದ ತೆಂಗಿನ ಸಿಪ್ಪೆ, ಅರೆದ ಜೇಡಿಮಣ್ಣು ಕೊಟ್ಟ. ಗಟ್ಟಿ ಒತ್ತು, ಮಳೆಗೆ ಕರಗದ ಹಾಗೆ ಒತ್ತು ಎಂದು ತಾನೇ ಕೂಗಿ ಹೇಳಿದ.

ಹಳೆಯ ಒಲೆ ಮೇಲೆ ತೆರೆದಿತ್ತು. ಹೊಗೆ ಮೊದಲು ಮೇಲಕ್ಕೆ ಹೋಗಿ ಆಮೇಲೆ ಇಳಿಯುತ್ತಿತ್ತು. ಹೊಸದಕ್ಕೆ ನಾಲ್ಕೂ ಬದಿ ಗೋಡೆ. ಕೊಳವೆ ಕಟ್ಟಿದರೆ ಹೊಗೆಗೆ ಉಳಿಯುವುದು ಮುಂದಿನ ಬಾಯಿ ಒಂದೇ. ಆ ಬಾಯಿಯ ಎದುರಿಗೇ ಮಣೆ ಹಾಕಿ ಕೂತು ಕಟ್ಟಿಗೆ ನೂಕಬೇಕು. ಹೊಗೆ ಮೊದಲು ಸರಸಳ ಮುಖಕ್ಕೆ ಬಂದು, ಅವಳನ್ನು ದಾಟಿ, ಆಮೇಲೆ ಬೀಜಕ್ಕೆ ಏರುತ್ತಿತ್ತು. ಅದನ್ನು ಯಾರೂ ಯೋಚಿಸಿರಲಿಲ್ಲ. ಯೋಚಿಸಬೇಕಾದವನು ಚಂದಯ್ಯ. ಬೆಳಗ್ಗೆ ಗದ್ದೆಗೆ ಹೋದರೆ ಉರಿ ಆರಿದ ಮೇಲೆಯೇ ಅವನು ಮನೆ ಸೇರುತ್ತಿದ್ದ.

ಮೂರನೆಯ ದಿನಕ್ಕೇ ಅವಳು ಮತ್ತೆ ಗೋಡೆಗೆ ಒರಗಿ ಕೂರತೊಡಗಿದಳು. ಇಪ್ಪತ್ತೆರಡನೆಯ ದಿನಕ್ಕೆ ತುಟಿ ನೀಲಿ ಬಂತು. “ಕೊಳವಿ ಬಿಚ್ಚುವನಾ?” ಎಂದು ಚಂದಯ್ಯ ಕೇಳಿದ. ಅವಳಿಗೆ ಒಂದೇ ಉಸಿರಿನಲ್ಲಿ ಮಾತು ಮುಗಿಯುತ್ತಿರಲಿಲ್ಲ. “ಇಷ್ಟ್ ದಿನ... ಆಯ್ತ್. ಇನ್ನೆಷ್ಟ್... ಎಂಟ್ ದಿನ.” ಅವನೂ ಎಣಿಸಿದ್ದ. ಎಂಟೇ ದಿನ. ಬಿಚ್ಚಲಿಲ್ಲ.

ಮರುದಿನ ಮೊದಲ ಮಳೆ ಬಂತು, ಕಟ್ಟಿಗೆ ನೆನೆಯಿತು. ಆ ಬೆಳಗ್ಗೆ ಚಂದಯ್ಯ ಅಂಗಳದಲ್ಲಿ ನೊಗಕ್ಕೆ ಹಗ್ಗ ಹಾಕುತ್ತಿದ್ದಾಗ ಹಿತ್ತಿಲಿನಿಂದ ಪ್ರಫುಲ್ಲಾ ಕೂಗಿದಳು, “ಮಾವ! ಅಮ್ಮ ಮಾತಾಡುದಿಲ್ಲೆ!”

ಸರಸ ಹಿತ್ತಿಲ ಬಾಗಿಲಿನ ಹೊಸ್ತಿಲ ಮೇಲೆ, ಗಾಳಿಯ ಕಡೆ ಮುಖ ಮಾಡಿ, ಮೊಣಕಾಲಿನ ಮೇಲೆ ಕೈಯೂರಿ ಕೂತಿದ್ದಳು. ಕಣ್ಣು ತೆರೆದಿತ್ತು. ಒಳಗೆ ಗಂಜಿ ಹದವಾಗಿ ಬೆಂದಿತ್ತು, ಸೀದಿರಲಿಲ್ಲ.

ಸೂತಕದ ಮನೆಯವರು ಬೀಜ ಮುಟ್ಟುವ ಹಾಗಿರಲಿಲ್ಲ. ಕುಷ್ಟನೇ ಅಟ್ಟ ಹತ್ತಿ ಮುಡಿ ಇಳಿಸಿದ, ನೆನೆಸಿದ, ಮೊಳಕೆಗೆ ಕಟ್ಟಿದ. ಮುಡಿಯ ಹುಲ್ಲು ಚೆನ್ನಾಗಿ ಕಪ್ಪಾಗಿತ್ತು. ಐದನೆಯ ದಿನ ಅಂಗಳಕ್ಕೆ ಓಡಿ ಬಂದು, “ಒಡೇರೆ, ಒಂದ್ ಕಾಳ್ ಹುಸಿ ಹೋಯ್ಲಿಲ್ಲೆ! ಆರೂ ಮುಡಿ ಮೊಳ್ಕಿ...” ಎಂದವನು, ಚಾವಡಿಯಲ್ಲಿ ಕೂತ ಚಂದಯ್ಯನ ಮುಖ ಕಂಡು ಅಲ್ಲಿಗೇ ನಿಲ್ಲಿಸಿದ.

ಸೂತಕ ಕಳೆಯುವ ಬೊಜ್ಜದ ಮರುದಿನ ಚಂದಯ್ಯ ತಾನೇ ಮಾಡು ಹತ್ತಿದ. ಜೇಡಿಮಣ್ಣು ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಕತ್ತಿಯ ಹಿಂಬದಿಯಿಂದ ಕುಟ್ಟಿ ಬಿಡಿಸಬೇಕಾಯಿತು. ಕೆಳಗೆ ಒಲೆಯ ಬುಡದಲ್ಲಿ ಪ್ರಫುಲ್ಲಾ ಕೂತಿದ್ದಳು. ಇನ್ನು ಆ ಮಣೆ ಅವಳದು. ಮಸಿಯ ಮುದ್ದೆ ಒಲೆಯೊಳಗೆ ಬಿದ್ದ ಸದ್ದಾಯಿತು. ಹೊಗೆ ಅವನ ಮುಖಕ್ಕೇ ಹೊಡೆಯಿತು.

ಕಾರ್ತಿ ಕೊಯ್ಲು ಬಂತು. ಹೊಸ ಬೀಜ ಒಣಗಿತು, ಏಳು ಮುಡಿ ಕಟ್ಟಿ ಆಯಿತು. “ಮಾವ, ಇದನ್ನ ಎಲ್ಲಿಡುದ್?” ಎಂದು ಪ್ರಫುಲ್ಲಾ ಕೇಳಿದಳು. ಚಂದಯ್ಯ ಬಿದಿರು ಸೀಳಿ, ಬಚ್ಚಲ ಒಲೆಬಾಯಿಯ ಮೇಲಿನ ಮಾಡಿಗೆ ಅಟ್ಟಳಿಗೆ ಕಟ್ಟಿದ. ಸರಸಳನ್ನು ಸುಟ್ಟು ಬಂದ ದಿನ ಅವನು ಮಿಂದ ನೀರು ಕಾದದ್ದೂ ಅದೇ ಒಲೆಯಲ್ಲಿ. ಒಂದೊಂದೇ ಮುಡಿಯನ್ನು ಹೆಗಲ ಮೇಲೆ ಹೊತ್ತು, ಚಾವಡಿಯಲ್ಲಿ ಕೂತ ತಾಯಿಯ ಎದುರಿನಿಂದಲೇ ಏಳು ಸಲ ನಡೆದ. ಅವಳು ಕತ್ತೆತ್ತಲಿಲ್ಲ. ಬೇಡ ಎನ್ನಲೂ ಇಲ್ಲ.

ಸಂಜೆ ಅವನು ದನ ಕಟ್ಟಿ ಬರುವಾಗ ಬಚ್ಚಲ ಮಾಡಿನಿಂದ ದಟ್ಟ ಹೊಗೆ ಏಳುತ್ತಿತ್ತು. ಅಕ್ಕಣಿ ಶೆಡ್ತಿ ಒಲೆಬಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ತಡವಿ ತಡವಿ, ಒದ್ದೆ ತರಗೆಲೆಯನ್ನು ಹಿಡಿಹಿಡಿಯಾಗಿ ಒಳಗೆ ನೂಕುತ್ತಿದ್ದಳು. ಕೆಮ್ಮಿ ಕೆಮ್ಮಿ ಮೈ ಕುಲುಕುತ್ತಿತ್ತು.

“ಅಬ್ಬೆ, ಎದ್ ಬಾ. ಸಾಕ್.”

ಅವಳು ಈ ಕಡೆ ತಿರುಗಲಿಲ್ಲ. ಇನ್ನೊಂದು ಹಿಡಿ ತರಗೆಲೆಗೆ ಕೈ ಹಾಕಿದಳು.

“ಸಾಕಾಯ್ಲಿಲ್ಲೆ” ಎಂದಳು.