ಮಣ್ಣಿಗೆ ಬಂದವರು

ಹೆಂಡತಿ ಪೂರ್ಣಿಮಾಳ ಶವಪೆಟ್ಟಿಗೆಯ ಮೇಲಿಟ್ಟಿದ್ದ ಹೂಗುಚ್ಛದಿಂದ ಕಲ್ಮೇಶ ಕೆಂಪು ರಿಬ್ಬನ್ನನ್ನು ಕಿತ್ತೆಳೆದ. ಅದರ ಮೇಲೆ ಬಂಗಾರದ ಅಕ್ಷರಗಳಲ್ಲಿ ಕನ್ನಡ ಬಳಗದ ಹೆಸರಿತ್ತು. ಉಂಡೆ ಮಾಡಿ ಹುಲ್ಲಿಗೆ ಎಸೆದ.

“ಹೂವ ಇರ್ಲಿ. ಹೆಸರು ಬ್ಯಾಡ.”

ಬಳಗದ ಕಾರ್ಯದರ್ಶಿ ವಿಶ್ವಾಸ್ ಮಾಸ್ಕ್ ಸರಿಮಾಡಿಕೊಳ್ಳುತ್ತ ಹತ್ತಿರ ಬಂದ. “ಕಲ್ಮೇಶ್, ನೀವು ಶಾಕ್‌ನಲ್ಲಿದೀರ. ಕೂತ್ಕೊಳ್ಳಿ, ನೀರು ತರ್ತೀನಿ.”

“ನೀವು ಮೊದಲ ಆ ಮಾಸ್ಕ್ ತಗೀರಿ. ಈ ರೋಗ ಮನಷ್ಯಾರಿಂದ ಮನಷ್ಯಾರಿಗೆ ಬರೂದಿಲ್ಲಂತ ಡಾಕ್ಟರ್ ಹೇಳ್ಯಾರ. ನನ್ನ ಮಗಳ್ನ ಯಾರರೆ ಹತ್ರ ಕರದೀರೇನು?”

ವಿಶ್ವಾಸ್ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡ, ಆದರೆ ಎರಡು ಹೆಜ್ಜೆ ಹಿಂದೆಯೂ ಸರಿದ. ಪರದೇಶದ ಆ ಶೋರ್‌ಲೈನ್ ಊರಿನ ಸ್ಮಶಾನದಲ್ಲಿ ಬಂದವರೆಲ್ಲ ತೋಡಿದ ಕುಣಿಯಿಂದ ದೂರ, ಕಲ್ಮೇಶನಿಂದ ಇನ್ನೂ ದೂರ ನಿಂತಿದ್ದರು. ಅಮ್ಮನ ಸ್ವೆಟರ್ ತೊಟ್ಟ ಪೂಜಿತಾ ಪೆಟ್ಟಿಗೆಯ ಪಕ್ಕದಲ್ಲಿ ಒಬ್ಬಳೇ ಇದ್ದಳು.

“ಅಪ್ಪಾ, ಪ್ಲೀಸ್. ನಾಟ್ ನೌ.”

“ಈಗ ಅಲ್ಲಂದ್ರ ಯಾವಾಗವಾ?”

*

ಪೂರ್ಣಿಮಾ ರಾಣೆಬೆನ್ನೂರಿನವಳು. ಕ್ಯಾನ್ಯನ್ ಪಾರ್ಕಿನ ಔಷಧ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಬಳಗದ ಕಾರ್ಯಕ್ರಮಗಳಲ್ಲಿ ವೇದಿಕೆ ಹತ್ತಿದವಳಲ್ಲ. ಎಲ್ಲ ಮುಗಿದ ಮೇಲೆ ಕುರ್ಚಿ ಮಡಚುವವಳು, ಉಳಿದ ಪುಳಿಯೋಗರೆಯನ್ನು ಒಂಟಿ ಹುಡುಗರಿಗೆ ಡಬ್ಬಿಗೆ ಹಾಕಿಕೊಡುವವಳು, ಯಾರದೋ ಮಗುವಿನ ಕಳೆದುಹೋದ ಕಾಲ್ಚೀಲ ಹುಡುಕುವವಳು. “ಎಲ್ಲಾ ನೀನ ಯಾಕ ಮಾಡ್ತಿ?” ಎಂದು ಕಲ್ಮೇಶ ರೇಗಿದರೆ, “ಮಾಡ್ಕೋತ ಬರ್ರಿ, ಇಬ್ರಾಗ್ತೀವಿ” ಎಂದು ನಗುತ್ತಿದ್ದಳು.

ಯುಗಾದಿಗೆ ಮುಂಚೆ ಬಳಗದ ವಾಟ್ಸಾಪ್ ಗುಂಪಿನಲ್ಲಿ ಅಧ್ಯಕ್ಷ ಅಶ್ವತ್ಥನಾರಾಯಣ ಬರೆದರು: ಶನಿವಾರ ನಮ್ಮ ಮನೆಯ ಶೆಡ್ ಸ್ವಚ್ಛ ಮಾಡಬೇಕು, ಹಬ್ಬಕ್ಕೆ ಬಳಗದ ಪರದೆ, ಪಾತ್ರೆ ಹೊರತೆಗೆಯಬೇಕು, ಯಾರು ಬರ್ತೀರ? ಒಪ್ಪಿಗೆಯ ಹೆಬ್ಬೆರಳುಗಳ ಸಾಲೇ ಬಂತು. ಅವರ ಮನೆ ಮನ್ರೋ ಊರಿನಾಚೆ, ಕಾಡಿನಂಚಿನಲ್ಲಿ. ಆ ಶನಿವಾರ ಮಧ್ಯಾಹ್ನ ಪೂರ್ಣಿಮಾ ಅಲ್ಲಿಂದ ಕಲ್ಮೇಶನಿಗೆ ಫೋನ್ ಮಾಡಿದ್ದಳು.

“ಯಾರೂ ಬಂದಿಲ್ರೀ. ಇರ್ಲಿ ಬಿಡ್ರಿ, ಬಂದೀನಲ್ಲ, ಕಸಾ ಹೊಡದ ಬರ್ತೀನಿ. ಅಬ್ಬಾ, ಏನ್ ಧೂಳ ಅಂತೀರಿ! ಮೂಗು, ಬಾಯಿ ಎಲ್ಲಾ ತುಂಬೇತಿ.”

ಯುಗಾದಿಯ ದಿನ ಓಡಾಡಿ ಹೋಳಿಗೆ ಬಡಿಸಿದಳು. ಅದಾದ ಮೇಲೆ ಜ್ವರ ಹಿಡಿಯಿತು, ತೊಡೆ ಸೊಂಟ ಮುರಿದುಹೋಗುವಂಥ ನೋವು. ಲಿನ್‌ವುಡ್ಡಿನ ಕ್ಲಿನಿಕ್ಕಿನಲ್ಲಿ ಫ್ಲೂ ಎಂದರು, ನೀರು ಕುಡಿದು ಮಲಗಲು ಹೇಳಿದರು. ಒಂದು ಬೆಳಿಗ್ಗೆ ಮಹಡಿಯ ಮೆಟ್ಟಿಲು ಹತ್ತುತ್ತಿದ್ದವಳು ಅರ್ಧಕ್ಕೇ ಕುಳಿತು, “ಉಸಿರು ಸಿಗವಲ್ದು” ಎಂದಳು. ಆಸ್ಪತ್ರೆ ಸೇರುವಷ್ಟರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಮರುದಿನ ಇರಲಿಲ್ಲ.

ಹಂಟಾವೈರಸ್, ಎಂದರು ಡಾಕ್ಟರು. ಕಾಡಿಲಿಯ ಹಿಕ್ಕೆ, ಮೂತ್ರ ಒಣಗಿ ಧೂಳಿನೊಂದಿಗೆ ಏಳುತ್ತದೆ, ಉಸಿರಾಡಿದವರ ಒಳಗೆ ಹೋಗುತ್ತದೆ. ಇತ್ತೀಚೆಗೆ ಎಲ್ಲಾದರೂ ಮುಚ್ಚಿಟ್ಟ ಜಾಗ ಗುಡಿಸಿದ್ದರೇ? ಎಂದು ಕೇಳಿದರು. ಕಲ್ಮೇಶನಿಗೆ ಆ ಫೋನು ನೆನಪಾಯಿತು. ಕೌಂಟಿಯ ಆರೋಗ್ಯ ಇಲಾಖೆಯವರು ವಿಚಾರಿಸಿದಾಗ, ನಮ್ಮಲ್ಲಿ ಇಲಿಯೇ ಇಲ್ಲ ಎಂದರಂತೆ ಅಶ್ವತ್ಥನಾರಾಯಣ.

*

ಅದೇ ಅಶ್ವತ್ಥನಾರಾಯಣ ಈಗ ಕುಣಿಯ ತಲೆಭಾಗದಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

“ಪೂರ್ಣಿಮಾ ಅಂದ್ರೆ ಸೇವೆ. ಈ ವರ್ಷದಿಂದ ನಮ್ಮ ಬಳಗ ಅವರ ಹೆಸರಲ್ಲಿ ಒಂದು ಪ್ರಶಸ್ತಿ...”

“ಸರ್,” ಎಂದ ಕಲ್ಮೇಶ, “ಶೆಡ್ಡಿನ್ಯಾಗ ಇಲಿ ಇದ್ವೋ ಇಲ್ಲೋ? ಅಷ್ಟ ಹೇಳ್ರಿ.”

“ಇದು ಅದನ್ನೆಲ್ಲ ಮಾತಾಡೋ ಜಾಗ ಅಲ್ಲಪ್ಪ.”

“ಇದ ಜಾಗಾರೀ. ಅಕಿ ಇಲ್ಲೇ ಅದಾಳ.”

“ಇರ್ಲಿಲ್ಲ. ಕೌಂಟಿಯವರಿಗೂ ಹೇಳಿದೀನಿ.”

“ಇದ್ವು.”

ಹೇಳಿದವರು ಅವರ ಹೆಂಡತಿ ವಸಂತಲಕ್ಷ್ಮಿ. ಅಶ್ವತ್ಥನಾರಾಯಣ ಆಕೆಯ ತೋಳು ಹಿಡಿದರು. ಆಕೆ ಕೊಡವಿಕೊಂಡರು.

“ಬಿಡಿ ನನ್ನ. ಎಷ್ಟು ಸುಳ್ಳು ಹೇಳ್ತೀರಿ, ಸತ್ತೋಳ ಮುಂದೆ? ಇಲಿ ಹಿಡಿಯೋನು ಚಳಿಗಾಲದಲ್ಲೇ ಬಂದು ಹೇಳ್ಲಿಲ್ವಾ? ಒಣಗಿರೋದನ್ನ ಗುಡಿಸ್ಬೇಡಿ, ಬ್ಲೀಚ್ ನೀರು ಹೊಡೆದು ಒರೆಸಿ ಅಂತ? ಆಮೇಲೆ ನಾವು ಆ ಶೆಡ್ ಬಾಗಿಲು ಮುಟ್ಟಿದ್ವಾ? ಇಲಿ ವಿಷಯ ಗ್ರೂಪಲ್ಲಿ ಹಾಕಿ ಅಂತ ಬಡ್ಕೊಂಡೆ. ಹಾಕಿದ್ರೆ ಯಾರೂ ಬರಲ್ಲ ಅಂದ್ರಿ.”

ಕಲ್ಮೇಶ ಅಶ್ವತ್ಥನಾರಾಯಣರ ಎದುರಿಗೆ ನಡೆದು ಬಂದ. ಹೊಡೆಯುತ್ತಾನೆಂದುಕೊಂಡು ವಿಶ್ವಾಸ್ ಅಡ್ಡ ಬಂದ. ಹೊಡೆಯಲಿಲ್ಲ.

“ಹಾಕ್ಲಿಲ್ಲ ನೀವು,” ಎಂದ ಕಲ್ಮೇಶ. “ಆದ್ರೂ ಯಾರೂ ಬರ್ಲಿಲ್ಲ.”

ಹೆಬ್ಬೆರಳು ಒತ್ತಿದವರೆಲ್ಲ ನೆಲ ನೋಡಿದರು. ವಿಭೂತಿ ಹಚ್ಚಿ ಪೂಜೆ ಮುಗಿಸಿದ್ದ ಪ್ರಭುದೇವ ಸ್ವಾಮಿಗಳು ಮೆಲ್ಲಗೆ, “ಹೊತ್ತಾಗತೈತಿ, ಮಣ್ಣು ಕೊಡ್ರಿ” ಎಂದರು. ಪೆಟ್ಟಿಗೆ ಇಳಿಯಿತು. ಕಲ್ಮೇಶ ಕೊಟ್ಟ, ಪೂಜಿತಾ ಕೊಟ್ಟಳು. ವಸಂತಲಕ್ಷ್ಮಿ ಬಂದು ಒಂದು ಹಿಡಿ ಹಾಕಿ, ಗಂಡನ ಬಳಿಗೆ ಹೋಗದೆ ಪೂಜಿತಾಳ ಪಕ್ಕಕ್ಕೆ ಹೋಗಿ ನಿಂತರು. ಹುಡುಗಿ ಅವರ ಹೆಗಲಿಗೆ ಮುಖವೊತ್ತಿ ಮೊದಲ ಸಲ ಗಟ್ಟಿಯಾಗಿ ಅತ್ತಳು.

ಅಶ್ವತ್ಥನಾರಾಯಣ ಬಗ್ಗಿ ಮಣ್ಣು ಹಿಡಿದುಕೊಂಡು ಮುಂದೆ ಬಂದರು. ಕಲ್ಮೇಶ ಕುಣಿಯ ಅಂಚಿಗೆ ಅಡ್ಡ ನಿಂತ.

“ನೀವು ಕೊಡಬ್ಯಾಡ್ರಿ.”

ಅವರು ಸುತ್ತ ನೋಡಿದರು. ಕುಣಿಗೆ ಹಾಕುವಂತಿಲ್ಲ, ಮಣ್ಣಿನ ರಾಶಿಗೆ ಮರಳಿ ಹಾಕಿ ಕೈ ಕೊಡವಿಕೊಳ್ಳಲು ಅಷ್ಟು ಜನರ ಮುಂದೆ ಮನಸ್ಸು ಬರಲಿಲ್ಲ. ಹಿಂದಿದ್ದವರು ಒಬ್ಬೊಬ್ಬರಾಗಿ ಅವರನ್ನು ಬಳಸಿಕೊಂಡು ಮುಂದೆ ಹೋದರು. ಅವರು ಮುಷ್ಟಿ ಹಿಡಿದೇ ನಿಂತಿದ್ದರು. ಬೆರಳ ಸಂದಿಯಿಂದ ಹಸಿ ಮಣ್ಣು ಸಣ್ಣ ಸಣ್ಣ ಹೆಂಟೆಯಾಗಿ ಅವರ ಶೂಗಳ ಮೇಲೆ ಉದುರುತ್ತಿತ್ತು.