ಕಲ್ಲುಬಸವನ ವಿಭೂತಿ

ಸಾವನದುರ್ಗದ ಬುಡದಲ್ಲಿ, ಬಟ್ಟಬಯಲಲ್ಲೇ ಮಲಗಿರುವ ಕಲ್ಲುಬಸವನ ಪೂಜೆ ಪರಮಶಿವಯ್ಯನವರದು. ಬಸವನ ಬೆನ್ನ ಮೇಲೆ ಎಲೆಯೆಲೆಯಾಗಿ ಹರಡಿಕೊಂಡ ಬೂದುಬಣ್ಣದ ಕಲ್ಲುಹೂ. ಅದರ ಅಂಚಿನಲ್ಲಿ ಸದಾ ನವಿರಾದ ಹುಡಿ. ಆ ಹುಡಿಯನ್ನು ಬೆರಳಲ್ಲಿ ಒರಸಿ ಭಕ್ತರ ಹಣೆಗೆ ಹಚ್ಚುವುದು ಅವರ ಅಪ್ಪನ ಕಾಲದಿಂದ ನಡೆದುಬಂದದ್ದು. ಸಗಣಿ ಸುಟ್ಟು ಮಾಡಿದ್ದಲ್ಲ, ಶಿವ ತಾನೇ ಉದುರಿಸುವ ವಿಭೂತಿ ಎಂದು ಸೋಲೂರಿನಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದರು.

ಈಚೆಗೆ ಹೂ ಸೊರಗುತ್ತಿತ್ತು. ಬೆನ್ನು ತುಂಬ ಇದ್ದದ್ದು ಈಗ ಹಿಣಿಲಿನ ಡುಬ್ಬದ ಹತ್ತಿರ ಅಂಗೈಯಗಲ. ಉಳಿದ ಕಡೆ ಬೋಳು ಕಲ್ಲು. ಪೂಜೆಯಲ್ಲಿ ಎಲ್ಲಿ ತಪ್ಪಿದೆ, ಶಿವ ನನ್ನನ್ನು ಬಿಟ್ಟುಹೋಗುತ್ತಿದ್ದಾನೆಯೇ ಎಂಬ ಅಳುಕಿನಲ್ಲಿ ಪರಮಶಿವಯ್ಯನವರಿಗೆ ಊಟ ರುಚಿಸುತ್ತಿರಲಿಲ್ಲ. ಕೊನೆಗೆ ಮಾಗಡಿಯಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದ ತಮ್ಮನ ಮಗಳು ಕವನಳನ್ನು ಕರೆತಂದರು.

ಅವಳು ಭೂತಗನ್ನಡಿ ಹಿಡಿದು ಬಗ್ಗಿದಳು. "ದೊಡ್ಡಪ್ಪ, ಯಾರೂ ಮುನಿಸ್ಕೊಂಡಿಲ್ಲ. ಇದು ಒಂದು ಜೀವ ಅಲ್ಲ, ಎರಡು. ಅಣಬೆ ಮನೆ ಕಟ್ತದೆ, ಒಳಗೆ ಪಾಚಿ ಅಡುಗೆ ಮಾಡ್ತದೆ."

"ಸಂಸಾರ ಅನ್ನು. ಜಗಳ ಆಡ್ಕೊಂಡು ಸೊರಗೈತೆ."

"ತಮಾಷೆ ಬುಡಿ. ವರ್ಷಕ್ಕೆ ಅಕ್ಕಿಕಾಳಿನಷ್ಟು ಬೆಳೆದ್ರೆ ಹೆಚ್ಚು. ಈ ಹುಡಿ ನೋಡಿ, ಒಂದೊಂದು ಕಣದಲ್ಲೂ ಒಸಿ ಅಣಬೆ, ಒಸಿ ಪಾಚಿ. ಮಳೇಲಿ ಜಾರಿ ಪಕ್ಕದ ಕಲ್ಲಿಗೆ ಅಂಟಿದ್ರೆ ಅಲ್ಲೊಂದು ಹೊಸ ಹೂವು. ಹಳೇದು ಉದುರೋ ಹೊತ್ಗೆ ಮರಿ ಎದ್ದಿರ್ಬೇಕು. ಇಲ್ಲಿ ಒಂದೂ..."

ಅವಳ ಕಣ್ಣು ದೊಡ್ಡಪ್ಪನ ಹಣೆಯ ಮೇಲಿನ ಹುಡಿಗೆ ನೆಟ್ಟಿತ್ತು.

ಪರಮಶಿವಯ್ಯನವರು ಹಣೆ ಮುಟ್ಟಿಕೊಂಡರು. "ಹಂಗಾರೆ ನಾನು ಇಷ್ಟು ಕಾಲ ಎಲ್ಲರ ಹಣೆಗೂ ಬಳಿದಿದ್ದು?"

"ಮರಿಗಳ್ನ, ದೊಡ್ಡಪ್ಪ."

ಇರುವೆ ಸಾಲು ಕಂಡರೆ ಸುತ್ತು ಬಳಸಿ ನಡೆಯುತ್ತಿದ್ದ ಮನುಷ್ಯ. ಬಸವನ ಪಕ್ಕದಲ್ಲೇ ಕೂತು ತಮ್ಮ ಬೆರಳ ತುದಿಗಳನ್ನೇ ನೋಡಿಕೊಂಡರು.

ಸೋಮವಾರ ಮನೆಯಿಂದ ಬೇರೆ ವಿಭೂತಿ ತಂದಿದ್ದರು. ಇನ್ನು ಮೇಲೆ ಇದೇ ಎಂದು ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದರು. ಮೊದಲು ಬಂದವಳು ಹಾಲಿನ ಡೇರಿಯ ಶಿವಲಿಂಗಮ್ಮ.

"ಬಿರ್ರನೆ ಹಚ್ಚಿ ಅಯ್ನೋರೇ, ಬಸ್ಸು ಬಂದ್ಬುಡ್ತದೆ. ನಮ್ ಹಸೂಗೆ ಕೆಚ್ಚಲುಬಾವು, ಅದಕ್ಕೂ ಒಸಿ ಕೊಡಿ," ಎಂದು ಕಣ್ಣು ಮುಚ್ಚಿ ಹಣೆಯೊಡ್ಡಿದಳು.

ಬಾಯಿ ಮಂತ್ರ ಹೇಳುತ್ತಿತ್ತು. ಕೈ ತನ್ನಷ್ಟಕ್ಕೆ ತಾನು ಹೋಗಿ ಹೂವಿನ ಅಂಚನ್ನು ಒರಸಿಕೊಂಡು ಬಂತು. ಬೆರಳ ತುದಿಗೆ ಮೆತ್ತಗೆ ತಾಕಿದಾಗಲೇ ಅವರಿಗೆ ಎಚ್ಚರ. ಮಂತ್ರ ಅರ್ಧಕ್ಕೇ ಕಡಿಯಿತು.

ಹಚ್ಚುವಂತಿಲ್ಲ. ಪಂಚೆಗೆ ಒರಸುವಂತೆಯೂ ಇಲ್ಲ. ಎಡಗೈಯಲ್ಲಿ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಬಸವನ ಹಿಂದಿನ ತಂಪು ಬಂಡೆಯ ಬಳಿ ಹೋಗಿ ಬೆರಳನ್ನು ಒತ್ತಿದರು.

ಶಿವಲಿಂಗಮ್ಮ ಕಣ್ಣು ಬಿಟ್ಟಳು. "ಏನ್ ಅಯ್ನೋರೇ, ಬಂಡೆಗೆ ಹಚ್ತಿದ್ದೀರಿ! ನನ್ ಹಣೆ ಏನ್ ಪಾಪ ಮಾಡೈತೆ?"

"ನಿನ್ ಹಣೆ ಅಲ್ಲ ಕಣವ್ವಾ, ನನ್ ಬೆರಳು," ಎಂದರು. ಬಂಡೆಯಿಂದ ಬೆರಳನ್ನು ತೆಗೆಯಲು ಅವರಿಗೆ ಧೈರ್ಯ ಸಾಲಲಿಲ್ಲ.